ಟಾಮ್ ಅಜ್ಜನ ಹಿತ್ತಲ ರೈಲು

ನಿನ್ನೆ ಅಮೆರಿಕದ ಡೌನರ್ಸ್ ಗ್ರೋವ್‌ನಲ್ಲಿ ಮಗಳ ಮನೆ ಮುಂದೆ ಕಾರಿನಿಂದ ಇಳಿದೆನೋ ಇಲ್ಲವೋ, ಪಕ್ಕದ ಹಿತ್ತಲಿನಿಂದ ಕಲ್ಲಿದ್ದಲ ಹೊಗೆಯ ವಾಸನೆ ಬಂತು. ಏಳು ವರ್ಷ ಹಿಂದಕ್ಕೆ ಹೋಗಿಬಿಟ್ಟೆ ನೋಡಿ. ನಾನು ನಾಲ್ಕನೇ ಕ್ಲಾಸಿನಾಚೆ ಓದಿದವಳಲ್ಲ. ಹೇಳುವುದು ಹಿಂದುಮುಂದಾದರೆ ನೀವೇ ಸರಿಮಾಡಿಕೊಳ್ಳಿ.

ಆಗ ಮಗಳು ಎರಡನೆಯ ಬಸುರಿ. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದೆ. ಮೊಮ್ಮಗಳು ಸುಮಾಗೆ ಮೂರು ವರ್ಷ. ಎತ್ತಿಕೊಳ್ಳಲು ಹೋದರೆ ಸೋಫಾ ಹಿಂದೆ ಓಡುವಳು. ಚಕ್ಕುಲಿ ತೋರಿಸಿದೆ, ಬಳೆ ಸದ್ದು ಮಾಡಿದೆ, ಬೆಕ್ಕಿನಂತೆ ಕೂಗಿದೆ. ಉಹೂಂ. ಇಷ್ಟು ದೂರ ಬಂದು ಮಗುವನ್ನು ಒಂದು ಸಲವೂ ಮಡಿಲಲ್ಲಿ ಕೂರಿಸಿಕೊಳ್ಳದೆ ಹಿಂತಿರುಗಬೇಕೇ ಎಂದು ಒಳಗೇ ಸಂಕಟ.

ಪಕ್ಕದ ಮನೆಯ ಟಾಮ್ ಅಜ್ಜ ಐರ್ಲೆಂಡಿನವನು. ಅಲ್ಲಿ ಹಳ್ಳಿಗಾಡಿನ ಪುಟ್ಟ ರೈಲಿನ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದನಂತೆ. ಹಳಿ ರಸ್ತೆಯ ಅಂಚಿನಲ್ಲೇ. ಹಸು ಅಡ್ಡ ಬಂದರೆ ರೈಲೇ ನಿಂತು ಕಾಯಬೇಕು. ಇದ್ದಲು ಸಿಗದಾಗ ಜೌಗಿನ ಮಣ್ಣನ್ನೇ ಒಣಗಿಸಿ ಉರಿಸಿದ್ದರಂತೆ. ಅಳಿಯಂದಿರು ಇದನ್ನು ಕನ್ನಡದಲ್ಲಿ ಹೇಳಿದಾಗ, “ನಾವು ಬೆರಣಿ ಸುಡ್ತೀವಿ ಅಂತ ಅವರಿಗೆ ಹೇಳಿ,” ಎಂದೆ. ಅಜ್ಜ ಬಿದ್ದು ಬಿದ್ದು ನಕ್ಕ.

ಅಂಥದ್ದೇ ಎಂಜಿನ್ನೊಂದನ್ನು ಮೊಣಕಾಲೆತ್ತರಕ್ಕೆ ತಾನೇ ಮಾಡಿ, ಹಿತ್ತಲ ಸುತ್ತ ಹಳಿ ಹಾಕಿದ್ದ. ನಿಜವಾದ ಬೆಂಕಿ, ನಿಜವಾದ ಹಬೆ, ಹಿಂದೆ ಕೂರಲು ಹಲಗೆಯ ಗಾಡಿ. ಅದು ಮೊದಲ ಸಲ ಕೂಗಿದ ದಿನ ಸುಮಾ ಕುಣಿದಾಡಿದಳು. ಅಜ್ಜನದು ಒಂದೇ ಕಟ್ಟಳೆ: ಚಿಕ್ಕ ಮಕ್ಕಳು ದೊಡ್ಡವರ ಮಡಿಲಲ್ಲೇ ಕೂರಬೇಕು. ಮಗಳು ತುಂಬು ಬಸುರಿ, ಅಳಿಯಂದಿರು ಆಫೀಸಿನಲ್ಲಿ. ಉಳಿದವಳು ನಾನು.

“ಏನಮ್ಮಾ, ಈ ವಯಸ್ಸಲ್ಲಿ ಅದರ ಮೇಲೆ ಕೂತ್ಕೋತೀಯಾ?” ಎಂದಳು ಮಗಳು.

“ಕೂತಾಯ್ತಲ್ಲೇ,” ಎಂದೆ, ಸೀರೆ ಸೆರಗು ಸಿಕ್ಕಿಸಿಕೊಳ್ಳುತ್ತಾ.

ಸುಮಾ ಎಂಜಿನ್ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಎಂಜಿನ್ ನೋಡಿದಳು. ಹಬೆ ಬುಸುಗುಟ್ಟಿತು. ನಾನು ಕಣ್ಣೂ ಮಿಟುಕಿಸಲಿಲ್ಲ. ಕಡೆಗೆ ನಡೆದು ಬಂದು, ಮಡಿಲೇರಿ, ನನ್ನ ಎರಡೂ ಕೈ ಎಳೆದು ತನ್ನ ಹೊಟ್ಟೆಗೆ ಸುತ್ತಿಕೊಂಡಳು. ಹೊರಟೇಬಿಟ್ಟೆವು. ಕಿಡಿ ಹಾರಿ ಸೀರೆ ತೂತಾದದ್ದೂ ತಿಳಿಯಲಿಲ್ಲ.

“ಅಜ್ಜಿ, ಅಗೇನ್,” ಎಂದಳು. ಅಜ್ಜಿ ಎಂದದ್ದು ಅದೇ ಮೊದಲು. ಎಂಜಿನ್ನಿನ ನೀರು ಮುಗಿಯುವವರೆಗೂ ಸುತ್ತಿದೆವು.

ಈಗವಳು ಹತ್ತು ವರ್ಷದ ಹುಡುಗಿ. ಮತ್ತೆ ಹೊಸಬಳಾಗಿಬಿಟ್ಟೆನೇನೋ ಎಂದು ನಿನ್ನೆ ದಾರಿಯುದ್ದಕ್ಕೂ ಅಳುಕಿತ್ತು. ಬಾಗಿಲು ತೆರೆದು ಓಡಿಬಂದವಳು ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ಸೀದಾ ಮಡಿಲಲ್ಲೇ ಕುಳಿತಳು. ಅವಳ ಕಾಲು ನೆಲ ಮುಟ್ಟುತ್ತಿತ್ತು.

“ಏಳೇ, ಅಜ್ಜಿಗೆ ಮಂಡಿ ನೋಯತ್ತೆ,” ಎಂದಳು ಮಗಳು.

ನೋಯುತ್ತಿತ್ತು. “ಯಾರು ಹೇಳಿದ್ದು ನಿಂಗೆ?” ಎಂದೆ.