ಚೌಡಮ್ಮನ ಐವತ್ತಾರನೇ ತೋರಣ

ನಮ್ಮೂರು ಹೇರೂರಿನ ಹತ್ತಿರ. ಊರಿನ ಯುವಕ ಸಂಘದ ಕಟ್ಟಡಕ್ಕೆ ಈಗ ಅರವತ್ತು ದಾಟದವರು ಕಾಲಿಡುವುದು ಅಪರೂಪ. ಸಂಘ ಕಟ್ಟಿದ ಯುವಕರೇ ಈಗ ಅರವತ್ತು ದಾಟಿದ್ದಾರೆ. ಕಟ್ಟಡ ಬಿಟ್ಟುಕೊಟ್ಟಿಲ್ಲ, ಅಷ್ಟೆ. ಕಳೆದ ಡಿಸೆಂಬರಿನಲ್ಲಿ ಅಲ್ಲಿ ಪ್ರತಿ ಬುಧವಾರ ಮಧ್ಯಾಹ್ನ ಮೂರಕ್ಕೆ ಹಿರಿಯರಿಗೆ ‘ಚಳಿಗಾಲದ ಸುಲಭ ಕೈಕೆಲಸ’ ಎಂದು ಶುರುಮಾಡಿದವಳು ಚೇತನಾ. ಸಿದ್ದಾಪುರದಲ್ಲಿ ಮುರಿದು ಕೂಡಿದ ಕೈಕಾಲುಗಳಿಗೆ ವ್ಯಾಯಾಮ ಮಾಡಿಸುವ ಹುಡುಗಿ. ಬೆರಳು ಆಡುತ್ತಿದ್ದರೆ ಮನಸ್ಸೂ ಆಡುತ್ತದೆ ಎಂಬುದು ಅವಳ ನಂಬಿಕೆ. ಏನು ಮಾಡಿಸಬೇಕು ಎಂಬ ಸಲಹೆ ಮಾತ್ರ ನನ್ನದು. ಎಡವಟ್ಟಾದದ್ದು ಅಲ್ಲೇ.

ಶಿರಸಿಯ ಕಾನ್ವೆಂಟಿನಲ್ಲಿ ಡಿಸೆಂಬರ್ ಬಂತೆಂದರೆ ಸಿಸ್ಟರ್ ನಮ್ಮಿಂದ ಹತ್ತಿಯ ಹಿಮಬೊಂಬೆ ಮಾಡಿಸುತ್ತಿದ್ದರು. ಹಿಮವೆಂದರೆ ಐಸ್‌ಕ್ಯಾಂಡಿ ಡಬ್ಬದ ಒಳಗೋಡೆಗೆ ಅಂಟಿಕೊಂಡದ್ದು ಎಂದಷ್ಟೇ ಗೊತ್ತಿದ್ದ ನಾವು, ಬೊಂಬೆಯ ಕುತ್ತಿಗೆಗೆ ಮಫ್ಲರ್ ಸುತ್ತುತ್ತ ಬೆವರುತ್ತಿದ್ದೆವು. ಆ ವಿದ್ಯೆಯನ್ನು ನಲವತ್ತು ವರ್ಷ ಜೋಪಾನವಾಗಿಟ್ಟುಕೊಂಡಿದ್ದೆ. ಮೊದಲ ಬುಧವಾರ ಹನ್ನೊಂದು ಮಂದಿ ಹಿರಿಯರ ಮುಂದೆ ಹತ್ತಿಯ ಉಂಡೆ ಇಟ್ಟು, ಬೊಂಬೆ ಮಾಡಿ ಎಂದು ಹೇಳಿ, ಚಹಾ ತರಲು ಒಳಗೆ ಹೋದೆ. ಬಂದು ನೋಡಿದರೆ ಬೊಂಬೆ ಒಂದೂ ಇಲ್ಲ. ಮೇಜಿನ ಮೇಲೆ ನಾಲ್ಕು ಡಜನ್ ಹೂಬತ್ತಿ ಸಾಲಾಗಿ ನಿಂತಿವೆ.

“ಹತ್ತಿ ಕಂಡ್ರೆ ಕೈ ಸುಮ್ನಿರ್ತಿಲ್ಲೆ ತಂಗಿ, ಆನು ಎಂತ ಮಾಡವು?” ಎಂದರು ವೇದಾ ಹೆಗಡೆ. ಎಪ್ಪತ್ತೆಂಟು ವರ್ಷ, ದೇವರ ಮುಂದೆ ದಿನಕ್ಕೆರಡು ದೀಪ; ಹೊಸೆದ ಬತ್ತಿಯ ಲೆಕ್ಕ ದೇವರಿಗೂ ತಪ್ಪಿರಬೇಕು. ಬೊಂಬೆ ಮಾಡಿಸಲು ಹೋದ ನನಗೇ ಬತ್ತಿ ಇಟ್ಟರು.

ಹತ್ತಿ ಮುಟ್ಟದೆ ಕೂತವಳು ಚೌಡಮ್ಮ ಒಬ್ಬಳೇ. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು.

“ನಿಮಗೆಂತ ಬರ್ತದೆ ಚೌಡಮ್ಮ?” ಎಂದು ಚೇತನಾ ಕೇಳಿದಳು.

“ಬತ್ತಿಗಿತ್ತಿ ಎಲ್ಲ ನಂಗೆ ಬರಾದಿಲ್ಲ. ತೆನೆ ತೋರಣ ಕಟ್ತಿದ್ದೆ. ಈಗ ಅದೂ ಇಲ್ಲ.”

ಭತ್ತದ ಕೊಯ್ಲು ಮುಗಿದ ಮೇಲೆ, ಗೇಣುದ್ದ ಕಡ್ಡಿಯ ಸಮೇತ ಒಳ್ಳೆಯ ತೆನೆಗಳನ್ನು ಆರಿಸಿ, ಮೂರು ಮೂರು ಸೇರಿಸಿ ಜಡೆಯ ಹಾಗೆ ಹೆಣೆಯುತ್ತ ಹೋಗುವುದು. ಮೇಲೆ ಜಡೆ, ಕೆಳಗೆ ಕಾಳುಗೊಂಚಲು. ಮುಂದಿನ ಕೊಯ್ಲಿನ ತನಕ ಅದು ತಲೆಬಾಗಿಲಿನ ಮೇಲಿರಬೇಕು. ಹದಿನೇಳಕ್ಕೆ ಮದುವೆಯಾಗಿ ಬಂದ ವರ್ಷದಿಂದ ಚೌಡಮ್ಮ ಐವತ್ತೈದು ತೋರಣ ಕಟ್ಟಿದ್ದಳು. ಹೆರಿಗೆಯಾದ ವರ್ಷವೂ ತಪ್ಪಿರಲಿಲ್ಲ. ಹಿಂದಿನ ವರ್ಷದ ಮಳೆಗಾಲದಲ್ಲಿ ಕೊಟ್ಟಿಗೆಯ ಮೆಟ್ಟಿಲ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಹೆಬ್ಬೆರಳಿಗೆ ಬಲ ಕೂಡಲಿಲ್ಲ. ಆ ವರ್ಷ ಸೊಸೆ ಸೌಮ್ಯ ಶಿರಸಿ ಪೇಟೆಯಿಂದ ಪ್ಲಾಸ್ಟಿಕ್ಕಿನ ಮಾವಿನೆಲೆ ತೋರಣ ತಂದು ತೂಗಿಬಿಟ್ಟಳು. ಒಳ್ಳೆಯ ಸೊಸೆಯೇ. ಆದರೆ ಅಂದಿನಿಂದ ಮನೆಯಲ್ಲಿ ಚೌಡಮ್ಮ ಯಾವುದಕ್ಕೆ ಕೈ ಚಾಚಿದರೂ ಒಂದೇ ಮಾತು: “ಅತ್ತೆ, ನೀವು ಕೂತ್ಕಳಿ.”

ಕೂತೂ ಕೂತೂ ಅವಳಿಗೆ ಸಾಕಾಗಿತ್ತು. ಈ ವರ್ಷವೂ ಬಾಗಿಲಿಗೆ ಪ್ಲಾಸ್ಟಿಕ್ಕೇ ಆದರೆ ತನ್ನ ಕೈಯ ಕಥೆ ಮುಗಿಯಿತು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದಳಂತೆ. ಇದನ್ನು ಅವಳೇ ಆಮೇಲೆ ಹೇಳಿದ್ದು.

“ಮುಂದಿನ ಬುಧವಾರ ನೀವೇ ಟೀಚರ್,” ಎಂದಳು ಚೇತನಾ.

“ಹೋಗ್ ಮಾರಾಯ್ತಿ,” ಎಂದ ಚೌಡಮ್ಮ, ಬುಧವಾರ ಎರಡೂವರೆಗೇ ತೆನೆಯ ಕಟ್ಟು ಎತ್ತಿಕೊಂಡು ಬಂದಿದ್ದಳು. ಮೂರು ತೆನೆ ತೆಗೆದು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಮಡಚಿದಳು. ಚಟ್ ಎಂದು ಮುರಿಯಿತು. ಇನ್ನೊಂದು. ಅದೂ ಮುರಿಯಿತು. ಹತ್ತನೆಯದಕ್ಕೆ ನೆಲದ ಮೇಲೆ ಮುಷ್ಟಿ ಭತ್ತ ಬಿದ್ದಿತ್ತು.

“ಇವತ್ತು ಊರ ಕೋಳಿಗೆಲ್ಲ ಹಬ್ಬ,” ಎಂದರು ನಿವೃತ್ತ ಶಿಕ್ಷಕರಾದ ವಿಘ್ನೇಶ್ವರ ಮಾಸ್ತರು. ಅವರ ತಮಾಷೆಗೆ ಯಾವತ್ತೂ ಮೊದಲು ನಗುವವರು ಅವರೇ. ಅಂದು ಅವರೂ ನಗಲಿಲ್ಲ.

“ಕೈ ಹೋತು. ಇನ್ನೆಂತಕ್ಕೆ ಇದು,” ಎಂದು ಚೌಡಮ್ಮ ಕಟ್ಟನ್ನು ಅಲ್ಲೇ ಬಿಟ್ಟು ಎದ್ದು ನಡೆದಳು. ಕೈ ಕೊಟ್ಟದ್ದು ತನ್ನದೇ ಕೈಯಾದರೆ ದೂರುವುದಾದರೂ ಯಾರನ್ನು?

ಎಲ್ಲರೂ ಹೋದ ಮೇಲೂ ವೇದಕ್ಕ ಕದಲಲಿಲ್ಲ. ಬಿದ್ದ ತೆನೆಯೊಂದನ್ನು ಎತ್ತಿ ಮಡಚಿದರು. ಮುರಿಯಿತು. ಇನ್ನೊಂದನ್ನು ನನಗೆ ಕೊಟ್ಟರು. ನನ್ನ ಕೈಯಲ್ಲೂ ಮುರಿಯಿತು.

“ನೋಡು, ಗಟ್ಟಿ ಇದ್ದ ಕೈಲೂ ಮುರ್ದೋತು. ಬತ್ತಿ ಹೊಸಿವಾಗ ಬೆರಳಿಗೆ ಒಂದು ಹನಿ ಹಾಲು ಹಚ್ಕಳದಿದ್ರೆ ಹತ್ತಿಯೂ ಮಾತು ಕೇಳ್ತಿಲ್ಲೆ. ನಡಿ ತಂಗಿ, ಅವಳ ಮನೆಗೆ ಹೋಗನ.”

ಚೌಡಮ್ಮ ಅಂಗಳದ ತುದಿಯಲ್ಲಿ ಕೂತಿದ್ದಳು. ವೇದಕ್ಕ ಎದುರಿಗೆ ಕೂತು ಪೊಲೀಸರ ಹಾಗೆ ವಿಚಾರಣೆಗೆ ತೊಡಗಿದರು.

“ಚೌಡಮ್ಮ, ನೀನು ತೋರಣ ಕಟ್ತಿದ್ದಿದ್ದು ಯಾವಾಗ?”

“ಯಾವಾಗ ಅಂದ್ರೆ? ಬೆಳಗಾ ಮುಂಚೆ. ಕೊಟ್ಟಿಗೆ ಕೆಲ್ಸ ಶುರುವಾದ್ರೆ ಪುರಸೊತ್ತು ಎಲ್ಲಿ ಹೆಗಡೇರಮ್ಮ? ನಮ್ಮತ್ತೆನೂ ಅವಾಗ್ಲೇ ಕಟ್ತಿದ್ರು.”

“ತೆನೆ ಎಲ್ಲಿ ಇಟ್ಟಿರ್ತಿದ್ದೆ?”

“ಕಣದ ಬದೀಗೆ. ರಾತ್ರಿಯೆಲ್ಲ ಅಲ್ಲೇ ಇರ್ತಿತ್ತು.”

“ಈ ಸಲ?”

ಒಳಗಿನಿಂದ ಸೌಮ್ಯ ಉತ್ತರ ಕೊಟ್ಟಳು. “ಇಲಿ ತಿಂತವೆ ಅಂತ ನಾನೇ ಒಲೆ ಮೇಲಿನ ಅಟ್ಟಕ್ಕೆ ಹಾಕಿದ್ದೆ. ಬೆಚ್ಚಗಿರ್ತದೆ.”

ವೇದಕ್ಕ ತೊಡೆ ತಟ್ಟಿಕೊಂಡರು. “ಬೆಚ್ಚಗೆ ಇಟ್ಟು ಹಪ್ಪಳ ಮಾಡಿದ್ದು! ಕಣದಲ್ಲಿ ಇಬ್ಬನಿ ಬೀಳ್ತಿತ್ತೇ ಚೌಡಮ್ಮ. ಕಡ್ಡಿ ಮೆತ್ತಗಾಗ್ತಿತ್ತು.”

ಪುರಸೊತ್ತಿಲ್ಲದ್ದರಿಂದ ಬೆಳಗಿನ ಜಾವ ಕಟ್ಟುವುದು ಎಂದು ಚೌಡಮ್ಮ ತಿಳಿದಿದ್ದಳು. ಅವಳ ಅತ್ತೆಯೂ ಬಹುಶಃ ಹಾಗೇ ತಿಳಿದಿದ್ದರು. ಐವತ್ತೈದು ವರ್ಷ ಅರ್ಧ ಕೆಲಸ ಮಾಡಿಕೊಟ್ಟ ಇಬ್ಬನಿಗೆ ಯಾರೂ ಒಂದು ಮಾತಿನ ಹೊಗಳಿಕೆ ಕೊಟ್ಟಿರಲಿಲ್ಲ.

“ಇಬ್ಬನೀಲಿ ಇಟ್ಟೂ ಮುರದ್ರೆ?” ಎಂದಳು ಚೌಡಮ್ಮ.

“ಮುರದ್ರೆ ಕೈದೇ ತಪ್ಪು ಅಂತ ಒಪ್ಪನ. ಮೊದಲೇ ಎಂತಕ್ಕೆ ಒಪ್ಪವು?”

ಮೂರನೆಯ ಬುಧವಾರದ ತರಗತಿ ಬೆಳಿಗ್ಗೆ ಏಳಕ್ಕೆ. ಈ ಚಳಿಯಲ್ಲಿ ಯಾರು ಬರುತ್ತಾರೆ ಎಂದು ಚೇತನಾ ಚಿಂತೆ ಮಾಡಿದಳು. ವಯಸ್ಸಾದವರಿಗೆ ಬೇಗ ಏಳುವುದು ಕಷ್ಟವಲ್ಲ, ಎದ್ದ ಮೇಲೆ ಮಾತಾಡಲು ಇನ್ನೊಬ್ಬರು ಎದ್ದಿರುವುದಿಲ್ಲ ಎಂಬುದೇ ಕಷ್ಟ. ಆರೂಕಾಲಿಗೆ ನಾನು ಬೀಗ ತೆಗೆಯಲು ಹೋದಾಗ ಜಗಲಿಯಲ್ಲಿ ಎಲ್ಲರೂ ಶಾಲು ಹೊದ್ದು, ಮಫ್ಲರ್ ಸುತ್ತಿ, ಬಾಯಿಂದ ಹೊಗೆ ಬಿಡುತ್ತ ಸಾಲಾಗಿ ಕೂತಿದ್ದರು. ನನ್ನ ಹಿಮಬೊಂಬೆಗಳು ಕೊನೆಗೂ ತಯಾರಾಗಿದ್ದವು.

ಚೌಡಮ್ಮನ ಮಗ ಶಾಂತಾರಾಮ, ರಾತ್ರಿಯೆಲ್ಲ ಅಂಗಳದಲ್ಲಿ ನೆನೆದ ತೆನೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಬೈಕಿನಲ್ಲಿ ತಂದಿಳಿಸಿದ. ಅವಳು ಮೂರು ತೆನೆ ಎಳೆದಳು. ಕಡ್ಡಿ ಬಾಗಿತು. ಮುರಿಯದೆ, ಕೇಳಿದಲ್ಲಿಗೆ ಬಾಗಿತು.

ಆದರೆ ಬಿಗಿಯಾಗಿ ಎಳೆಯುವ ಹೊತ್ತಿಗೆ ಬಲ ಹೆಬ್ಬೆರಳು ಜಾರಿತು. ಜಡೆ ಸಡಿಲವಾಯಿತು. ಎರಡನೆಯ ಸಲವೂ ಜಾರಿತು. ಅವಳು ತನ್ನ ಕೈಯನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ಚಪ್ಪಲಿ ಕಳಚಿ, ಕಾಲು ಚಾಚಿ, ಜಡೆಯ ತುದಿಯನ್ನು ಕಾಲ ಹೆಬ್ಬೆರಳ ಸಂದಿಗೆ ಸಿಕ್ಕಿಸಿ ಎಳೆದಳು. ಕೈಯ ಹೆಬ್ಬೆರಳು ಕೈಬಿಟ್ಟ ಕೆಲಸವನ್ನು ಕಾಲಿನದು ವಹಿಸಿಕೊಂಡಿತು. ಮೂರಕ್ಕೆ ಮೂರು ಸೇರುತ್ತ ಜಡೆ ಉದ್ದವಾಯಿತು. ಅರ್ಧ ಗಂಟೆಯಲ್ಲಿ ಹತ್ತು ಜೊತೆ ಚಪ್ಪಲಿ ಬಾಗಿಲಾಚೆ ಹೋದವು. ಹತ್ತು ಕಾಲುಗಳು ಚಾಚಿಕೊಂಡವು.

“ಟೀಚರ್, ನಂದು ನೋಡಿ,” ಎಂದರು ವಿಘ್ನೇಶ್ವರ ಮಾಸ್ತರು.

“ಇದೆಂತ ಜಡೆಯಾ ಮಾಸ್ತರೆ, ಎತ್ತು ಹರಕಂಡು ಓಡಿದ ಹಗ್ಗನಾ? ಬಿಚ್ಚಿ, ಮತ್ತೆ ಹಾಕಿ.”

ಸಾವಿರ ಮಕ್ಕಳ ಕಿವಿ ಹಿಂಡಿದ ಮಾಸ್ತರು ತಲೆ ತಗ್ಗಿಸಿ ಬಿಚ್ಚಿದರು. ವೇದಕ್ಕನ ತೋರಣ ಮಾತ್ರ ಎಳ್ಳಷ್ಟೂ ತಪ್ಪಿಲ್ಲದೆ ಇಳಿಯುತ್ತಿತ್ತು. ಚೌಡಮ್ಮ ಅದನ್ನು ಬೆರಳಲ್ಲಿ ಸವರಿ, “ವೇದಕ್ಕ, ನಿಮಗೆ ಹೇಳ್ಕೊಡಾದೆಂತದೂ ಇಲ್ಲ,” ಎಂದಳು. ಅವಳ ಬಾಯಲ್ಲಿ ಹೆಗಡೇರಮ್ಮ ಅಂದು ವೇದಕ್ಕ ಆದರು. ಇಬ್ಬರೂ ಅದನ್ನು ಗಮನಿಸದವರ ಹಾಗೆ ಕೆಲಸ ಮುಂದುವರಿಸಿದರು.

ಒಂಬತ್ತಕ್ಕೆ ಕಿಟಕಿಯಿಂದ ಬಿಸಿಲು ಬಿತ್ತು. “ಸಾಕು, ಇನ್ನು ಯಾರೂ ಮುಟ್ಟಬ್ಯಾಡಿ,” ಎಂದಳು ಚೌಡಮ್ಮ. ಯಾರೂ ಮುಟ್ಟಲಿಲ್ಲ.

ಚೌಡಮ್ಮನ ತೋರಣವನ್ನು ಇಬ್ಬರು ಹಿಡಿದುಕೊಂಡು ಅವಳ ಮನೆಗೆ ಹೋದೆವು. ಸೌಮ್ಯ ಆಗಲೇ ಪ್ಲಾಸ್ಟಿಕ್ ತೋರಣ ಇಳಿಸಿ, ಬಾಗಿಲ ಬಳಿ ಸ್ಟೂಲು ಇಟ್ಟು ನಿಂತಿದ್ದಳು.

“ಕೊಡಿ ಅತ್ತೆ, ನಾ ಕಟ್ತೀನಿ. ನೀವು ಕೂತ್ಕಳಿ.”

“ನೀ ಸ್ಟೂಲು ಹಿಡ್ಕ,” ಎಂದಳು ಚೌಡಮ್ಮ.

ಚೇತನಾ ಬೇಡ ಬೇಡ ಎನ್ನುವಷ್ಟರಲ್ಲಿ ಚೌಡಮ್ಮ ಸ್ಟೂಲು ಹತ್ತಿಯಾಗಿತ್ತು. ಚೇತನಾ ಒಂದು ಕಾಲು ಹಿಡಿದಳು, ಸೌಮ್ಯ ಸ್ಟೂಲು, ನಾನು ಉಸಿರು. ಎಡ ಮೊಳೆಗೆ ಎಡಗೈಯಿಂದ ಗಂಟು ಹಾಕಿದಳು. ಬಲ ಮೊಳೆಗೆ ಬಲಗೈಯಿಂದಲೇ, ನಾಲ್ಕು ಸಲ ಜಾರಿ ಐದನೆಯದಕ್ಕೆ.

ಸೌಮ್ಯ ಹಿಂದೆ ಸರಿದು ನೋಡಿದಳು. “ಚೂರು ಎಡಕ್ಕೆ ವಾಲೈತೆ ಅತ್ತೆ.”

ಚೌಡಮ್ಮ ಸ್ಟೂಲಿನ ಮೇಲಿಂದಲೇ ತಲೆ ಓರೆ ಮಾಡಿ ನೋಡಿದಳು.

“ತೋರಣ ಸರಿ ಐತೆ. ಬಾಗಿಲು ವಾಲೈತೆ.”