ಗ್ಲೋವರ್ಮ್ ಗುಹೆಯಲ್ಲಿ ನನ್ನ ವಧುಪರೀಕ್ಷೆ

ಮೊನ್ನೆ ಶನಿವಾರ ನನ್ನನ್ನು ನೋಡಲು ಹುಡುಗನ ಕಡೆಯವರು ಬಂದಿದ್ದರು. ನೋಡುವ ಕಾರ್ಯಕ್ರಮ ಇದ್ದದ್ದು ದೋಣಿಯಲ್ಲಿ, ಕಗ್ಗತ್ತಲೆಯ ಗುಹೆಯೊಳಗೆ, ಯಾರೂ ಮಾತಾಡಬಾರದು ಎಂಬ ಷರತ್ತಿನ ಮೇಲೆ.

ಇದು ಪದ್ಮಾ ಆಂಟಿಯ ಪ್ಲಾನ್. ಆಂಟಿ ನಮ್ಮಮ್ಮನ ಹೈಸ್ಕೂಲ್ ಗೆಳತಿ, ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ, ಹಿಲ್ಸ್‌ಬರೋ ಬಡಾವಣೆಯಲ್ಲಿದ್ದಾರೆ. ನಾನು ಅದೇ ದೇಶದ ದಕ್ಷಿಣದ ತುದಿಯ ಡನೀಡಿನ್‌ನಲ್ಲಿ ಆಸ್ಪತ್ರೆಯ ಡಾಕ್ಟರ್. ಬಾಯಿ ಸ್ವಲ್ಪ ಜಾಸ್ತಿ.

ಹಿಂದೆ ಬಂದ ಎರಡು ಸಂಬಂಧಗಳೂ ನನ್ನ ಬಾಯಿಂದಲೇ ತಪ್ಪಿಹೋದವು ಅಂತ ಅಮ್ಮನ ತೀರ್ಮಾನ. ಒಬ್ಬನಿಗೆ ಮೊದಲನೇ ಕಾಫಿಯಲ್ಲೇ ಪಿತ್ತಕೋಶದ ಕಲ್ಲಿನ ಬಗ್ಗೆ ಸವಿವರವಾಗಿ ಹೇಳಿದ್ದೆ... ಇವತ್ತು ಡ್ಯೂಟಿ ಹೇಗಿತ್ತು ಅಂತ ಕೇಳಿದ್ದು ಅವನೇ ಸ್ವಾಮಿ.

ಈ ಹುಡುಗನ ಹೆಸರು ಕಾರ್ತಿಕ್. ಆಕ್ಲೆಂಡ್‌ನಲ್ಲೇ ಸಾಫ್ಟ್‌ವೇರ್ ಕೆಲಸ. ಫೋಟೋ ನೋಡಿ ಪರವಾಗಿಲ್ಲ ಅಂದಿದ್ದೆ. ನಿಜ ಹೇಳಬೇಕೆಂದರೆ ಪರವಾಗಿಲ್ಲ ಅನ್ನುವುದಕ್ಕಿಂತ ಜಾಸ್ತಿಯೇ ಇಷ್ಟವಾಗಿತ್ತು. ಮೈಸೂರಿನಿಂದ ಬಂದಿದ್ದ ಅವನ ಅಮ್ಮ ಮುಂದಿನ ವಾರ ವಾಪಸ್ ಹೊರಡುವವರು. ಅಷ್ಟರೊಳಗೆ ಹೌದು ಅಥವಾ ಇಲ್ಲ, ಯಾವುದಾದರೂ ಒಂದು ಆಗಬೇಕಿತ್ತು.

ಏರ್‌ಪೋರ್ಟಿನಿಂದ ಕರೆದುಕೊಂಡು ಹೋಗುವಾಗಲೇ ಆಂಟಿ ಗುಟ್ಟು ಬಿಚ್ಚಿದರು.

"ಗ್ಲೋವರ್ಮ್ ಬೋಟಲ್ಲಿ ತುಟಿ ಪಿಟಕ್ ಅನ್ನೋ ಹಾಗಿಲ್ಲ ಕಣೇ. ಅದಕ್ಕೇ ಅದನ್ನ ಬುಕ್ ಮಾಡಿದ್ದು. ಅಲ್ಲೀವರೆಗೂ ಹ್ಞೂಂ, ಊಹ್ಞೂಂ, ಅಷ್ಟೇ. ಮಿಕ್ಕಿದ್ದೆಲ್ಲ ಮದುವೆ ಆದ್ಮೇಲೆ ಮಾತಾಡ್ಕೋ."

ಗ್ಲೋವರ್ಮ್ ಎಂದರೆ ನಮ್ಮ ಕಡೆಯ ಮಿಂಚುಹುಳ ಅಲ್ಲ, ಇದು ಹಾರುವುದಿಲ್ಲ. ಗುಹೆಯ ಚಾವಣಿಗೆ ಅಂಟಿಕೊಂಡು ನೀಲಿಯಾಗಿ ಬೆಳಗುವ ಹುಳ. ಸದ್ದು ಮಾಡಿದರೆ ಬೆಳಕು ಮಂಕಾಗುತ್ತದಂತೆ.

ಮೊದಲು ನದಿ ದಂಡೆಯ ಸಂಜೆ ಸಂತೆಗೆ ಹೋದೆವು. ಅಂಗಡಿಗಳೆಲ್ಲ ದೋಣಿಯ ಮೇಲೆ, ಗಿರಾಕಿಗಳೆಲ್ಲ ದಡದ ಮೇಲೆ. ಉದ್ದ ಕೋಲಿನ ಮೀನು ಬಲೆಯಲ್ಲಿ ಮೊದಲು ಕಾರ್ಡ್ ಮಷೀನ್ ನಮ್ಮ ಹತ್ತಿರ ಬರುತ್ತದೆ, ಆಮೇಲೆ ಅದೇ ಬಲೆಯಲ್ಲಿ ತಿಂಡಿ.

ಕಾರ್ತಿಕ್‌ನ ಅಮ್ಮ ತೂಗಾಡುತ್ತಾ ಬಂದ ಫ್ರಿಟರ್, ಅಂದರೆ ಮೆಕ್ಕೆಜೋಳದ ವಡೆಯಂಥದ್ದನ್ನು, ನೋಡಿದರು. ಬಲೆ ನೋಡಿದರು. ಮತ್ತೆ ಫ್ರಿಟರ್ ನೋಡಿದರು. ಅಪ್ಪಟ ಸಸ್ಯಾಹಾರಿ. ಈ ಬಲೆಯಲ್ಲಿ ಮೀನನ್ನೂ ಹಿಡಿದಿರುತ್ತಾರಾ ಅಂತ ನನ್ನನ್ನೇ ಕೇಳಬೇಕೇ?

ನನ್ನ ಬಾಯಲ್ಲಿ ಹತ್ತಾರು ಉತ್ತರ ಕ್ಯೂ ನಿಂತವು. ಹಿಂದಿನಿಂದ ಪದ್ಮಾ ಆಂಟಿ ನನ್ನ ಜಾಕೆಟ್ ಜಗ್ಗಿದರು. ಗೊತ್ತಿಲ್ಲ ಆಂಟಿ ಅಂದುಬಿಟ್ಟೆ. ಇಷ್ಟು ಚಿಕ್ಕ ಉತ್ತರವನ್ನು ನಾನು ಎಂಬಿಬಿಎಸ್ ವೈವಾದಲ್ಲೂ ಕೊಟ್ಟಿರಲಿಲ್ಲ.

ಕಾರ್ತಿಕ್? ಹಾಯ್ ಅಂದ, ಆಮೇಲೆ ನದಿ ನೋಡುತ್ತಾ ನಿಂತ. ಅವನಿಗೂ ಯಾರೋ ಟ್ರೈನಿಂಗ್ ಕೊಟ್ಟು ಕಳಿಸಿದ ಹಾಗಿತ್ತು.

ಕತ್ತಲಾದ ಮೇಲೆ ಗುಹೆಗೆ ಹೋದೆವು. ಗೈಡ್ ಹುಡುಗಿ ಫೋನು, ಸ್ಮಾರ್ಟ್ ವಾಚು ಎಲ್ಲ ಆಫ್ ಮಾಡಿಸಿದಳು. ಆಂಟಿ ನನ್ನನ್ನು ಹೇಗೋ ಮಾಡಿ ಕಾರ್ತಿಕ್ ಪಕ್ಕಕ್ಕೆ ತಳ್ಳಿದರು. ಅಷ್ಟರಲ್ಲಿ ದೋಣಿ ಅಲ್ಲಾಡಿತು, ಯಾರೋ ಎದ್ದರು, ಯಾರೋ ಸರಿದರು, ದೀಪ ಆರಿತು.

ತಲೆ ಎತ್ತಿ ನೋಡಿದೆ...

ಸಾವಿರಾರು ನೀಲಿ ಚುಕ್ಕಿಗಳು. ಅಮಾವಾಸ್ಯೆಯ ಆಕಾಶ ಕೈಗೆಟುಕುವಷ್ಟು ಕೆಳಗೆ ಬಂದು ನಿಂತ ಹಾಗೆ. ಕೆಳಗೆ ನೀರಿನಲ್ಲೂ ಅವೇ ಚುಕ್ಕಿಗಳು.

ನನಗೆ ಕಣ್ಣಲ್ಲಿ ನೀರು ಬಂತು. ಇಷ್ಟು ಚೆಂದದ್ದನ್ನು ನೋಡಿಯೂ ಪಕ್ಕದವರಿಗೆ ಹೇಳದೆ ಕೂರುವುದು ಎಷ್ಟು ಹಿಂಸೆ ಅಂತ ಅವತ್ತು ಗೊತ್ತಾಯಿತು.

ಆಗ ಕಿವಿಯ ಹತ್ತಿರ ಸಣ್ಣ ಪಿಸುಮಾತು.

"ಎಷ್ಟು ಚೆನ್ನಾಗಿದೆ ಅಲ್ವೇನಮ್ಮಾ?"

ಕಾರ್ತಿಕ್ ಅಲ್ಲ, ಅವನ ಅಮ್ಮ. ಆ ಗಲಿಬಿಲಿಯಲ್ಲಿ ಅವರೇ ನನ್ನ ಪಕ್ಕಕ್ಕೆ ಬಂದು ಕೂತಿದ್ದರು. ಗೈಡ್ ಹೇಳಿದ ರೂಲ್ಸನ್ನೆಲ್ಲ ಗಾಳಿಗೆ ತೂರಿ ಮಾತಾಡುತ್ತಿದ್ದಾರೆ.

ನಾನು ತಲೆಯಾಡಿಸಿದೆ. ಇಷ್ಟ ಆಯ್ತಾ ಅಂತ ಇನ್ನೊಮ್ಮೆ ಕೇಳಿದರು. ಇನ್ನೂ ಜೋರಾಗಿ ತಲೆಯಾಡಿಸಿದೆ. ಕತ್ತಲೆಯಲ್ಲಿ ತಲೆಯಾಡಿಸಿದರೆ ಯಾರಿಗೆ ಕಾಣುತ್ತದೆ ಅಂತ ಈ ಡಾಕ್ಟರಮ್ಮನಿಗೆ ಹೊಳೆಯಲೇ ಇಲ್ಲ. ಅವರು ಸುಮ್ಮನಾದರು. ನಾನು ಪಾಸಾದೆ ಅಂತ ಒಳಗೊಳಗೇ ಬೀಗಿದೆ.

ವಾಪಸ್ ಕಾರ್ ಪಾರ್ಕಿಗೆ ಬಂದಾಗ ಪದ್ಮಾ ಆಂಟಿ ಮತ್ತು ಕಾರ್ತಿಕ್‌ನ ಅಮ್ಮ ಆಚೆ ನಿಂತು ಏನೋ ಮಾತಾಡಿಕೊಂಡರು. ಆಂಟಿ ಮುಖ ಸಣ್ಣ ಮಾಡಿಕೊಂಡು ಬಂದರು.

"ಹುಡುಗಿ ಲಕ್ಷಣವಾಗಿದಾಳೆ, ಆದ್ರೆ ಬಾಯೇ ಬಿಡಲ್ವಲ್ಲ ಅಂದ್ರು ಕಣೇ. ಅವರ ಮನೇಲಿ ಅಪ್ಪ ಮಗ ಇಬ್ರೂ ಮಾತಾಡಲ್ವಂತೆ. ಸೊಸೇನೂ ಹಿಂಗೇ ಆದ್ರೆ ನಾನು ಗೋಡೆ ಜೊತೆ ಮಾತಾಡ್ಬೇಕಾಗುತ್ತೆ ಅಂದ್ರು."

ನನಗೆ ಸಿಟ್ಟು ನೆತ್ತಿಗೇರಿತು. ಹುಟ್ಟಿದ ಮೇಲೆ ಮೊದಲ ಸಲ ಬಾಯಿ ಮುಚ್ಚಿಕೊಂಡು ಕೂತಿದ್ದೆ, ಅದಕ್ಕೇ ಫೇಲ್. ಸಿಟ್ಟಿಗಿಂತ ಜಾಸ್ತಿ ಸಂಕಟವಾಯಿತು. ನನ್ನಂಥ ಬಾಯಿಬಡುಕಿಯೇ ಬೇಕು ಅನ್ನುವ ಮನೆ ಭೂಮಿ ಮೇಲೆ ಇದೊಂದೇ ಇದ್ದಿರಬೇಕು. ಅದೂ ಕೈತಪ್ಪುತ್ತಿದೆ.

ಅವರ ಕಾರು ರಿವರ್ಸ್ ತೆಗೆಯುತ್ತಿತ್ತು. ಆಂಟಿ ಬೇಡ ಬೇಡ ಅನ್ನುತ್ತಿದ್ದರೂ ಓಡಿಹೋಗಿ ಕಿಟಕಿ ತಟ್ಟಿದೆ. ಗಾಜು ಇಳಿಯಿತು.

"ಆಂಟಿ, ತುಂಬಾ ಇಷ್ಟ ಆಯ್ತು. ಅಳುನೇ ಬಂದ್ಬಿಡ್ತು. ನಾನು ತಲೆ ಆಡಿಸ್ದೆ, ನಿಮಗೆ ಕಾಣ್ಲಿಲ್ಲ. ಮಾತು ಜಾಸ್ತಿ ಅಂತ ಇವತ್ತು ನನ್ನ ಬಾಯಿ ಮುಚ್ಚಿಸಿ ಕರ್ಕೊಂಡು ಬಂದಿದ್ರು. ಮತ್ತೆ ಆ ಬಲೇಲಿ ಮೀನು ಖಂಡಿತ ಹಿಡಿದಿರ್ತಾರೆ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮುಂದಿನ ಸೀಟಿನಿಂದ ಇಳಿದು, ಹಿಂದಿನ ಸೀಟಿಗೆ ಹೋಗಿ ಕೂತು, ಪಕ್ಕದ ಜಾಗ ತಟ್ಟಿ ತೋರಿಸಿದರು.

ಹಿಲ್ಸ್‌ಬರೋವರೆಗೂ ನಾವಿಬ್ಬರೂ ಬಾಯಿ ಮುಚ್ಚಲಿಲ್ಲ. ಅವರ ಮಂಡಿನೋವು, ನನ್ನ ನೈಟ್ ಡ್ಯೂಟಿ, ಕಾರ್ತಿಕ್ ನಾಲ್ಕನೇ ಕ್ಲಾಸಲ್ಲಿ ನುಂಗಿದ ಗುಂಡಿ, ಅದು ಹೊರಗೆ ಬಂದ ಕಥೆ... ನಕ್ಕು ನಕ್ಕು ಹೊಟ್ಟೆ ನೋವು. ಪದ್ಮಾ ಆಂಟಿ ತಮ್ಮ ಕಾರಲ್ಲಿ ಒಬ್ಬರೇ ಹಿಂದೆ ಬರುತ್ತಿದ್ದರು, ಪಾಪ.

ಇಳಿಯುವಾಗ ಕಾರ್ತಿಕ್ ಬಾಗಿಲು ತೆರೆದು ಹಿಡಿದು ಮೆಲ್ಲಗೆ ಅಂದ, "ಅಮ್ಮ ಇಲ್ಲಿಗೆ ಬಂದ್ಮೇಲೆ ಇಷ್ಟು ನಕ್ಕಿದ್ದು ಇವತ್ತೇ."

ಅವರ ಕಡೆಯಿಂದ ಒಪ್ಪಿಗೆ ಬಂದಿದೆ. ನನ್ನ ಉತ್ತರಕ್ಕಾಗಿ ಅಮ್ಮ ಗಂಟೆಗೊಂದು ಸಲ ಫೋನ್ ಮಾಡುತ್ತಿದ್ದಾಳೆ.

ಅತ್ತೆಯಂತೂ ನನಗೆ ನೂರಕ್ಕೆ ನೂರು ಒಪ್ಪಿಗೆ. ಆದರೆ ಹುಡುಗನದು ಆ ಸಂಜೆಯೆಲ್ಲಾ ಸರಿಯಾಗಿ ನೋಡಿದ್ದು ಡ್ರೈವರ್ ಸೀಟಿನ ಹಿಂದಿನಿಂದ ಕಂಡ ಎರಡು ಕಿವಿ ಮಾತ್ರ... ಇಷ್ಟರ ಮೇಲೆ ಹ್ಞೂಂ ಅನ್ನಬಹುದಾ, ನೀವೇ ಹೇಳಿ?