ಅಮ್ಮಾಜಮ್ಮ ಮತ್ತು ವಾಗ್ದಾನದ ಕಾರ್ಡು

ನನ್ನ ಅತ್ತೆ ಅಮ್ಮಾಜಮ್ಮನಿಗೆ ಓದಲು ಬರುವುದಿಲ್ಲ. ಆದರೆ ಚಿನ್ನದ ಗಣಿಯ ಕೆಲಸಗಾರರ ಊರಿಗಾಂ ಲೈನಿನ ಆ ಒಂದೂವರೆ ಕೋಣೆಯ ಮನೆಯಲ್ಲಿ, ಒಲೆಯ ಎದುರಿನ ಗೋಡೆ ತುಂಬ ಅಕ್ಷರವೇ ಇತ್ತು. ಹೊಸವರ್ಷದ ಬೆಳಗ್ಗೆ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಒಂದು ತಟ್ಟೆ ಸುತ್ತಿ ಬರುತ್ತದೆ. ಅದರಲ್ಲಿ ಬಣ್ಣದ ಕಾರ್ಡುಗಳನ್ನು ಮಗುಚಿ ಇಟ್ಟಿರುತ್ತಾರೆ. ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳಬೇಕು. ಅದರಲ್ಲಿ ಅಚ್ಚಾದ ಬೈಬಲ್ಲಿನ ವಾಕ್ಯ ಆ ವರ್ಷಕ್ಕೆ ದೇವರು ಎತ್ತಿದವರಿಗೆಂದೇ ಕೊಟ್ಟ ವಾಗ್ದಾನ. ಅತ್ತೆ ಪ್ರತಿವರ್ಷದ ಕಾರ್ಡನ್ನೂ ಅನ್ನದ ಗಂಜಿ ಬಳಿದು ಗೋಡೆಗೆ ಅಂಟಿಸಿದ್ದರು. ಹಳೆಯವು ಹೊಗೆ ಹಿಡಿದು, ಒಗ್ಗರಣೆಯ ಜಿಡ್ಡು ಕುಡಿದು, ನೊಣಗಳ ಚುಕ್ಕೆ ತುಂಬಿ, ಯಾವುದು ಅಕ್ಷರ ಯಾವುದು ಹೊಲಸು ಎಂದು ತಿಳಿಯುತ್ತಿರಲಿಲ್ಲ. ಬೆಂಗಳೂರಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅಡುಗೆ ಮಾಡುವಾಗ ಆ ಗೋಡೆಗೆ ಬೆನ್ನು ತಿರುಗಿಸಿಯೇ ಕೂರುತ್ತಿದ್ದೆ.

ಅತ್ತೆ ಹುಟ್ಟಿದ್ದು ಕಾಮಸಮುದ್ರದಾಚೆ ಆಂಧ್ರದ ಗಡಿಗೆ ತಾಗಿದ ಹಳ್ಳಿಯಲ್ಲಿ. ಮಾವ ಗಣಿಯೊಳಗೆ ಮರದ ತೊಲೆಗಳನ್ನು ನಿಲ್ಲಿಸುವ ಕೆಲಸದವರು. ಕಲ್ಲಿನ ಧೂಳು ಕುಡಿದು ಕುಡಿದು, ಎದೆರೋಗದಿಂದ ತೀರಿಕೊಂಡರು. ಆಮೇಲೆ ಅತ್ತೆ ಒಬ್ಬ ಸಾಹೇಬರ ಬಂಗಲೆಯಲ್ಲಿ ಆಯಾ ಆಗಿ ದುಡಿದು ನನ್ನ ಗಂಡ ಜಯಶೀಲರನ್ನು ಸಾಕಿ ಓದಿಸಿದರು. ಆ ಕಷ್ಟದ ದಿನಗಳಲ್ಲಿ ಯಾರೋ ಸತ್ಯವೇದದ ಪುಸ್ತಕ ಕೊಟ್ಟರಂತೆ. ಅದನ್ನು ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿ, ಮೊಳೆಗೆ ತೂಗುಹಾಕಿ, ದಿನಾ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಜ್ವರ ಬಂದವರ ತಲೆದಿಂಬಿನ ಕೆಳಗೆ ಇಡುತ್ತಿದ್ದರು. ತೆರೆದು ಓದುವ ಕೆಲಸ ಮಾತ್ರ ಬ್ರದರ್ ಸ್ವಾಮಿದಾಸರದ್ದು.

ಸ್ವಾಮಿದಾಸ್ ಬಂಗಾರಪೇಟೆಯ ಬೋಧಕರು. ಶುಕ್ರವಾರಕ್ಕೊಮ್ಮೆ ರೈಲಿನಲ್ಲಿ ಬಂದು ಅತ್ತೆಯ ಜಗಲಿಯಲ್ಲಿ ಪ್ರಾರ್ಥನೆ ಕೂಟ ನಡೆಸುತ್ತಿದ್ದರು. ಲೈನಿನ ಹೆಂಗಸರೆಲ್ಲ ತಮ್ಮ ತಮ್ಮ ಕಾರ್ಡುಗಳೊಂದಿಗೆ ಬರುತ್ತಿದ್ದರು. ಬ್ರದರ್ ಉದ್ದಿನವಡೆ ತಿಂದ ಕೈಯನ್ನು ಪಂಚೆಗೆ ಒರೆಸಿ, ಅದೇ ಬೆರಳಿನಿಂದ ಕಾರ್ಡು ಹಿಡಿದು, ಮಗಳ ಮದುವೆ ಮಾಡಬೇಕೋ ಬೇಡವೋ, ಮಗ ಬೊಂಬಾಯಿಗೆ ಹೋಗಬೇಕೋ ಬೇಡವೋ ಎಂದು ಹೇಳುತ್ತಿದ್ದರು. ಪಕ್ಕದ ಮನೆಯ ಕದಿರಮ್ಮ ನಮ್ಮ ಸಭೆಯವಳಲ್ಲ. ಅವಳು ನೀರು ಹಿಡಿಯುತ್ತ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡು ಒಂದು ದಿನ ನನಗೆ ಹೇಳಿದಳು: “ಆಂಡರ್ಸನ್‌ಪೇಟೆ ಬಸ್ ಸ್ಟ್ಯಾಂಡಾಗೆ ಗಿಳಿಶಾಸ್ತ್ರದೋನು ಕೂತವ್ನಲ್ಲ, ಅವನೂ ಇಂಗೇ ಕಾರ್ಡು ತಗಸ್ತಾನೆ. ಅಲ್ಲಿ ಗಿಳಿಗಾದ್ರೂ ಒಂದು ಬತ್ತ ಆಕ್ತಾರೆ. ಇಲ್ಲಿ ನಿಮ್ಮತ್ತೇನೇ ವಡೆ ಕರೀಬೇಕು.” ನನಗೆ ನಗು ಬರಲಿಲ್ಲ. ನನ್ನ ಮನಸ್ಸಿನಲ್ಲಿದ್ದದ್ದನ್ನೇ ಅವಳು ಹೇಳಿದ್ದಳು.

ನಾನು ಬಸುರಿಯಾಗಿದ್ದ ವರ್ಷ, ಎಂಬತ್ತಾರರ ಜನವರಿಯಲ್ಲಿ, ಅತ್ತೆ ಹುಟ್ಟಲಿರುವ ಮೊಮ್ಮಗುವಿಗೆಂದು ಇನ್ನೊಂದು ಕಾರ್ಡು ಎತ್ತಿದರು. ಕುಂಟನು ಜಿಂಕೆಯ ಹಾಗೆ ಜಿಗಿಯುತ್ತಾನೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಆಗ ಯಾರಿಗೂ ಅದು ದೊಡ್ಡದಾಗಿ ಕಾಣಲಿಲ್ಲ. ಮಾರ್ಚಿನಲ್ಲಿ ಮಗು ಹುಟ್ಟಿತು. ಸೂಲಗಿತ್ತಿ ಬಟ್ಟೆ ಬಿಡಿಸಿ ನನಗೆ ತೋರಿಸಿದಳು. ಮಗನ ಎಡಪಾದ ಪೂರ್ತಿ ಒಳಕ್ಕೆ ತಿರುಗಿ, ಅಂಗಾಲು ಮೇಲಕ್ಕೆ ನೋಡುತ್ತಿತ್ತು.

ಅಂದು ಸಂಜೆಯೊಳಗೆ ಲೈನಿನ ಈ ತುದಿಯಿಂದ ಆ ತುದಿಗೆ ಸುದ್ದಿ ಹಬ್ಬಿತು. ಮಗು ಕುಂಟ ಎಂಬುದಕ್ಕಿಂತ ಹೆಚ್ಚಾಗಿ, ಕಾಲಿಗಿಂತ ಮೊದಲೇ ಕಾರ್ಡು ಬಂದಿತ್ತು ಎಂಬ ಸುದ್ದಿ. ಹೆಂಗಸರು ತಂಡತಂಡವಾಗಿ ಬಂದರು. ಹಸಿ ಬಾಣಂತಿಯಾದ ನನ್ನ ಪಕ್ಕದಲ್ಲಿ ಕೂತು, ಕೈ ತೊಳೆಯದೆ ಮಗುವಿನ ಪಾದ ಹಿಡಿದು ತಿರುಗಿಸಿ ನೋಡಿ, ಆಮೇಲೆ ಗೋಡೆಯ ಕಾರ್ಡು ನೋಡಿ, ಕಣ್ಣೀರು ಒರೆಸಿಕೊಂಡು ಸ್ತೋತ್ರ ಹೇಳಿ ಹೋದರು. ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬದ ಧೂಳು ಅವರ ಸೆರಗಿನಲ್ಲಿ, ಉಗುರಿನಲ್ಲಿ. ಅವರು ಹೋದ ಮೇಲೆ ಪ್ರತಿ ಸಲವೂ ನಾನು ಆ ಕಾಲನ್ನು ಬಿಸಿನೀರಿನಲ್ಲಿ ಒರೆಸುತ್ತಿದ್ದೆ.

ಕಂಪನಿ ಆಸ್ಪತ್ರೆಯ ಡಾಕ್ಟರು ಮಗುವನ್ನು ನೋಡಿ ಗಾಬರಿಯಾಗಬೇಡಿ ಎಂದರು. ಎಳೆ ಮೂಳೆ ಈಗ ಮೇಣದ ಹಾಗಿರುತ್ತದೆ, ಸ್ವಲ್ಪ ಸ್ವಲ್ಪವೇ ತಿರುಗಿಸಿ ವಾರವಾರ ಪ್ಲಾಸ್ಟರ್ ಹಾಕುತ್ತ ಬಂದರೆ ಸರಿಯಾಗುತ್ತದೆ, ಆದರೆ ಈಗಲೇ ಶುರು ಮಾಡಬೇಕು, ತಡ ಮಾಡಿದಷ್ಟೂ ಬಿಗಿಯುತ್ತದೆ ಎಂದು ಬಿಡಿಸಿ ಹೇಳಿದರು. ನಾನು ಆ ದಿನವೇ ಆಗಲಿ ಎಂದೆ. ಜಯಶೀಲ ಮಾತ್ರ ಅಮ್ಮನನ್ನೊಂದು ಮಾತು ಕೇಳಿ ಬರೋಣ ಎಂದರು. ಅಮ್ಮ ಬ್ರದರ್ ಸ್ವಾಮಿದಾಸರನ್ನು ಒಂದು ಮಾತು ಕೇಳೋಣ ಎಂದರು.

ಶುಕ್ರವಾರ ಬ್ರದರ್ ಬಂದರು. ಮಗುವಿನ ಪಾದವನ್ನು ಎರಡು ಬೆರಳಲ್ಲಿ ಎತ್ತಿ, ತರಕಾರಿ ಆರಿಸುವವರ ಹಾಗೆ ಅತ್ತಿತ್ತ ಹೊರಳಿಸಿದರು. ವಾಗ್ದಾನ ಮೊದಲೇ ಕೈಗೆ ಬಂದ ಮನೆಯಲ್ಲಿ ಮನುಷ್ಯರ ಸುಣ್ಣ ಬಟ್ಟೆ ಸುತ್ತಿದರೆ ದೇವರ ಮುಖಕ್ಕೆ ಉಗಿದ ಹಾಗೆ ಎಂದರು. ಈ ಮಗು ನಡೆಯುವ ದಿನ ಇಡೀ ಕೆ.ಜಿ.ಎಫ್. ಬಂದು ನೋಡುತ್ತದೆ ಎಂದೂ ಹೇಳಿದರು. ನೋಡಲು ಬರುವ ಜನರ ಮಾತು ಆಡುವಾಗ ಅವರ ಕಣ್ಣು ಹೊಳೆದದ್ದನ್ನು ನಾನು ಕಂಡೆ. ನನ್ನ ಮಗನ ಕಾಲು ಅವರಿಗೆ ಕಾಲಾಗಿ ಕಾಣಲೇ ಇಲ್ಲ.

ನಾನು ಅಳುತ್ತಲೇ ವಾದ ಮಾಡಿದೆ. ಜಯಶೀಲ ಎದ್ದು ಹೊರಗೆ ಹೋದರು. ಆಗ ಅತ್ತೆ ಮೆಲ್ಲಗೆ ಒಂದು ಪ್ರಶ್ನೆ ಕೇಳಿದರು.

“ಅಣ್ಣ, ಈ ಮಾತು ದೇವ್ರು ಯಾರ್ಗೆ ಯೋಳಿದ್ದು?”

“ನಿಮಗೇ ಅಮ್ಮಾ. ನಿಮ್ಮ ಕೈಗೆ ಬಂತಲ್ಲ.”

“ನನ್ ಕೈಗೆ ಈ ವರ್ಸ ಬಂತು. ಪುಸ್ತಕದಾಗೆ ಅದಕ್ಕೆ ಮುಂಚೇನೇ ಇತ್ತಲ್ಲ. ಅವಾಗ ಯಾರ್ಗೆ ಯೋಳಿದ್ದು? ಆಮ್ಯಾಕೆ ಏನಾಯ್ತು?”

ಸ್ವಾಮಿದಾಸ್ ನಕ್ಕರು. ಹಾಗೆಲ್ಲ ಕೆದಕುವುದು ಸೈತಾನನ ಕೆಲಸ, ವಾಕ್ಯವನ್ನು ನಂಬಬೇಕೇ ಹೊರತು ವಿಚಾರಣೆ ಮಾಡಬಾರದು ಎಂದರು. ವಡೆ ತಿಂದು ರೈಲಿಗೆ ಹೊರಟರು.

ಅತ್ತೆಗೆ ಆ ನಗು ಹಿಡಿಸಲಿಲ್ಲ. ಬಂಗಲೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ ಹೆಂಗಸು. ದೊರೆಸಾನಿ ಹೇಳಿದ್ದನ್ನು ಅರ್ಧ ಕೇಳಿಸಿಕೊಂಡು ಓಡುವ ಆಯಾ ಒಂದು ತಿಂಗಳೂ ಉಳಿಯುವುದಿಲ್ಲ ಎಂದು ಅವರೇ ಎಷ್ಟೋ ಸಲ ಹೇಳಿದ್ದುಂಟು. ಮರುದಿನ ಮಧ್ಯಾಹ್ನ ಮೊಳೆಯಿಂದ ಪುಸ್ತಕ ಇಳಿಸಿ, ಸೀರೆಯ ತುಂಡು ಬಿಚ್ಚಿ, ಮಗುವಿಗೆ ಹಾಲು ಕುಡಿಸುತ್ತಿದ್ದ ನನ್ನ ಪಕ್ಕದಲ್ಲಿ ತಂದಿಟ್ಟರು. ಒಳಗಿನಿಂದ ಬೆಳ್ಳಿ ಹುಳುಗಳು ಹರಿದು ಬಂದವು. ನಾನು ಕಾಲು ಎತ್ತಿಕೊಂಡೆ.

“ಓದು ತಾಯಿ. ಕಾರ್ಡಿನ ಮಾತು ಎಲ್ಲೈತೋ ಅಲ್ಲಿಂದ ಸುರು ಮಾಡು. ನಾನು ಸಾಕು ಅನ್ನೋಗಂಟ ನಿಲ್ಲಿಸಬ್ಯಾಡ.”

ಮೂಳೆ ದಿನದಿನಕ್ಕೂ ಬಿಗಿಯುತ್ತಿದೆ, ಈ ಮುದುಕಿಗೆ ಪಾರಾಯಣ ಬೇಕಾಗಿದೆ ಎಂದು ನನ್ನ ಮೈ ಉರಿಯಿತು. ಆದರೂ ಓದಿದೆ. ಆ ಮಾತು ಒಬ್ಬ ಪ್ರವಾದಿಯ ಪುಸ್ತಕದಲ್ಲಿತ್ತು. ಸೆರೆ ಹೋದ ಒಂದು ಇಡೀ ಜನಕ್ಕೆ, ನೀವು ಮರಳಿ ಊರು ಸೇರುತ್ತೀರಿ, ಮರುಭೂಮಿ ಹೂ ಬಿಡುತ್ತದೆ ಎಂದು ಧೈರ್ಯ ಹೇಳುವ ಹಾಡಿನಂಥ ಅಧ್ಯಾಯ. ಅತ್ತೆ ಕಣ್ಣು ಮುಚ್ಚಿ ಕೇಳಿದರು. ಮುಂದೆ ಓದು ಎಂದರು. ಮುಂದೆ ಯುದ್ಧ. ಶತ್ರುವಿನ ಅಧಿಕಾರಿ ಕೋಟೆಯ ಗೋಡೆಯ ಕೆಳಗೆ ನಿಂತು ಒಳಗಿನವರನ್ನು ಬಾಯಿಗೆ ಬಂದಂತೆ ಹಂಗಿಸುತ್ತಾನೆ. ಅದು ಅತ್ತೆಗೆ ಬಹಳ ಹಿಡಿಸಿತು. ಗಣಿಯ ಗೇಟಿನಲ್ಲಿ ಯೂನಿಯನ್ನಿನವರು ಮೇಸ್ತ್ರಿಗಳನ್ನು ಬಯ್ಯುವುದೂ ಹೀಗೇ ಎಂದು ಬಾಯಿ ಮುಚ್ಚಿಕೊಂಡು ನಕ್ಕರು. ದಿನಾ ಮಧ್ಯಾಹ್ನ ಇದೇ ನಡೆಯಿತು. ನಾನು ಓದುತ್ತ ಒಂದು ಕಣ್ಣನ್ನು ಆ ಪಾದದ ಮೇಲೇ ಇಟ್ಟಿರುತ್ತಿದ್ದೆ.

ಅದೇ ವಾರ ಒಬ್ಬ ರಾಜ ಕಾಯಿಲೆ ಬಿದ್ದ ಅಧ್ಯಾಯ ಬಂತು. ಸಾಯುತ್ತೀ ಎಂದು ಪ್ರವಾದಿಯೇ ಬಂದು ಹೇಳುತ್ತಾನೆ. ರಾಜ ಗೋಡೆಯ ಕಡೆ ಮುಖ ಮಾಡಿ ಅಳುತ್ತಾನೆ. ದೇವರು ಮನಸ್ಸು ಕರಗಿ, ಬದುಕುತ್ತೀ, ಇನ್ನೂ ಹದಿನೈದು ವರ್ಷ ಕೊಟ್ಟಿದ್ದೇನೆ ಎಂದು ಅದೇ ಪ್ರವಾದಿಯಿಂದ ಹೇಳಿಸುತ್ತಾನೆ. ಅಧ್ಯಾಯದ ಕೊನೆಗೆ ಒಂದು ಸಣ್ಣ ಸಾಲು. ಅಂಜೂರದ ಹಣ್ಣಿನ ಉಂಡೆ ತಂದು ರಾಜನ ಹುಣ್ಣಿಗೆ ಹಚ್ಚಿರಿ, ವಾಸಿಯಾಗುತ್ತದೆ ಎಂದು ಪ್ರವಾದಿ ಹೇಳಿದ್ದನು ಎಂದಿತ್ತು.

ನಾನು ಪುಟ ತಿರುಗಿಸಲು ಹೋದೆ. ಅತ್ತೆ ನನ್ನ ಕೈ ಹಿಡಿದರು.

“ಇನ್ನೊಂದು ಸಲ ಓದು.”

ಓದಿದೆ.

“ಬದುಕ್ತೀಯ ಅಂತ ದೇವ್ರು ಮಾತು ಕೊಟ್ಟಿದ್ದ ತಾನೇ?”

“ಕೊಟ್ಟಿದ್ದ.”

“ಆದ್ರೂ ಮದ್ದು ಅಚ್ಚಿದ್ರಾ?”

“ಹಚ್ಚಿ ಅಂತ ಪ್ರವಾದಿನೇ ಹೇಳಿದ್ದಾನೆ ಅತ್ತೆ. ಕಾರ್ಡಿನ ಮಾತು ಹೇಳಿದವನೂ ಅವನೇ.”

“ದೇವ್ರ ಮುಖಕ್ಕೆ ಉಗಿದಂಗಾಯ್ತು ಅಂತ ಯಾರೂ ಅನ್ಲಿಲ್ವಾ?”

“ಇಲ್ಲ.”

ಅತ್ತೆ ಆ ಪುಟದ ಮೇಲೆ ಅಂಗೈ ಇಟ್ಟರು. ಮುಖ ಕಹಿ ಕುಡಿದ ಹಾಗಾಗಿತ್ತು. “ಮದ್ದಿನ ಮಾತು ಪಕ್ಕದ ಆಳೆಯಾಗೇ ಇತ್ತು,” ಎಂದರು. “ಇಷ್ಟು ವರ್ಸ ಆ ಮನ್ಸ ನಂಗೆ ಇಷ್ಟಿಷ್ಟೇ ಕಿತ್ತು ಕೊಟ್ಟವ್ನೆ. ನಾನೂ ತಿಂದಿವ್ನಿ.” ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗುವನ್ನು ಎತ್ತಿಕೊಂಡರು. “ನಡಿ, ಆಸ್ಪತ್ರೆಗೆ ಓಗಾಣ. ನಿನ್ ಗಂಡ ಡ್ಯೂಟಿಯಿಂದ ಬರೋದು ಕಾಯಬ್ಯಾಡ.”

ಪ್ಲಾಸ್ಟರ್ ಬಿತ್ತು. ಬೇಸಿಗೆ. ಅದರೊಳಗೆ ಬೆವರು, ಉಚ್ಚೆ, ಹಾಲು ಸೇರಿ ಬರುತ್ತಿದ್ದ ಹುಳಿ ವಾಸನೆ ನನ್ನ ಊಟದ ತಟ್ಟೆಯವರೆಗೂ ಬರುತ್ತಿತ್ತು. ವಾರವಾರ ಬಿಚ್ಚಿದಾಗ ಚರ್ಮ ಸುಲಿದಿದೆಯೇ, ಕೀವಾಗಿದೆಯೇ ಎಂದು ನಾನು ಬೆದರಿ ನೋಡುತ್ತಿದ್ದೆ. ಡಾಕ್ಟರು ಬೈದು ಹೊರಗೆ ಕೂರಿಸುತ್ತಿದ್ದರು. ಒಳಗೆ ಮಗುವಿನ ಮಂಡಿ ಹಿಡಿದು ನಿಲ್ಲುತ್ತಿದ್ದವರು ಅತ್ತೆ.

ಲೈನಿನ ಹೆಂಗಸರು ನಮ್ಮೊಂದಿಗೆ ಮಾತು ಬಿಟ್ಟರು. ಶುಕ್ರವಾರದ ಕೂಟ ನಮ್ಮ ಜಗಲಿ ಬಿಟ್ಟು ಎದುರು ಸಾಲಿನ ಪಾಪಕ್ಕನ ಮನೆಗೆ ಹೋಯಿತು. ಅಲ್ಲಿಂದ ಸ್ವಾಮಿದಾಸ್, ಅವಿಶ್ವಾಸದ ಮನೆಯ ಮೇಲೆ ಕರುಣೆಯಿರಲಿ ಎಂದು ನಮಗೆ ಕೇಳಿಸುವ ಹಾಗೆ ಪ್ರಾರ್ಥಿಸುತ್ತಿದ್ದರು. ಅತ್ತೆ ಜಗಲಿಯನ್ನು ಗುಡಿಸಿ, ಯಾರೂ ಕೂರದ ಚಾಪೆಯನ್ನು ಸುಮ್ಮನೆ ಮಡಿಸಿಟ್ಟರು. ಅವರಿಗೆ ನೋವಾಗಿತ್ತು. ಮಧ್ಯಾಹ್ನದ ಓದು ಮಾತ್ರ ತಪ್ಪಿಸಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಕೊನೆಯ ಪ್ಲಾಸ್ಟರ್ ಬಿಚ್ಚಿದರು. ಪಾದ ನೇರವಾಗಿತ್ತು. ಸ್ವಲ್ಪ ಸಣ್ಣದು, ಆದರೆ ನೇರ. ಡಾಕ್ಟರು ತೊಡಿಸಲು ಬೂಟು ಕೊಟ್ಟರು. ನಾನು ಅತ್ತೆಯ ಭುಜಕ್ಕೊರಗಿ ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತುಬಿಟ್ಟೆ.

ಕಥೆ ಅಲ್ಲಿಗೆ ಮುಗಿದಿದ್ದರೆ ನನಗೆ ಇಷ್ಟು ಹೇಸಿಗೆ ಉಳಿಯುತ್ತಿರಲಿಲ್ಲ. ಡಿಸೆಂಬರಿನಲ್ಲಿ ಬಂಗಾರಪೇಟೆಯ ಮೈದಾನದಲ್ಲಿ ಶಾಮಿಯಾನ ಹಾಕಿ ಸುವಾರ್ತೆಯ ಕೂಟ ನಡೆಯಿತು. ಬೇರೆ ಊರಿನ ಬೋಧಕರು ಬರುತ್ತಾರೆಂದು ಅತ್ತೆ ನನ್ನನ್ನೂ ಮಗುವನ್ನೂ ಕರೆದುಕೊಂಡು ಹೋದರು. ನಾವು ಹಿಂದಿನ ಸಾಲಿನಲ್ಲಿದ್ದೆವು. ಸ್ವಾಮಿದಾಸ್ ಮೈಕಿನಲ್ಲಿ, ನಮ್ಮ ನಡುವೆ ಒಂದು ಮಗು ಇದೆ ಎಂದು ಶುರು ಮಾಡಿದರು. ಕಾರ್ಡಿನ ಕಥೆ ಹೇಳಿದರು. ಒಬ್ಬಳು ಸ್ವಯಂಸೇವಕಿ ಬಂದು, ನಾನು ಬೇಡ ಎನ್ನುವಷ್ಟರಲ್ಲಿ ಮಗುವನ್ನು ನನ್ನ ಮಡಿಲಿನಿಂದ ಎತ್ತಿಕೊಂಡು ಹೋದಳು. ಸ್ವಾಮಿದಾಸ್ ಬೂಟು ಕಳಚಿ ಪಕ್ಕಕ್ಕೆಸೆದು, ಬಾಟಲಿಯಿಂದ ಎಣ್ಣೆ ಸುರಿದು ಆ ಪಾದಕ್ಕೆ ತಿಕ್ಕಿ, ಜನರ ಕಡೆ ಎತ್ತಿ ಹಿಡಿದರು. ಮನುಷ್ಯರ ಕೈ ಸೋಕಿಲ್ಲ, ಮದ್ದು ಸೋಕಿಲ್ಲ, ವಾಕ್ಯವೊಂದೇ ಎಂದು ಕೂಗಿದರು. ನನ್ನ ಮಗ ಹೆದರಿ ಚೀರುತ್ತಿದ್ದ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ನಾನು ನುಗ್ಗಿಕೊಂಡು ಹೋಗುವಷ್ಟರಲ್ಲಿ ಅತ್ತೆ ವೇದಿಕೆಯ ಮೇಲಿದ್ದರು.

“ವಾರವಾರ ಈ ಕಾಲ್ಗೆ ಕಟ್ಟು ಆಕ್ದೋರ ಪಕ್ಕದಾಗೆ ಮಗೀನ ಮಂಡಿ ಇಡ್ಕಂಡು ನಾನು ನಿಂತಿದ್ದೆ,” ಎಂದರು. “ದೇವ್ರು ಆ ಡಾಕ್ಟ್ರ ಕೈಯಾಗೆ ಇದ್ದ. ನೀನು ಅಲ್ಲಿ ಇರ್ಲಿಲ್ಲ ಸ್ವಾಮಿದಾಸು. ಸುಳ್ಳು ಯೋಳಾಕೆ ಆ ಪುಸ್ತಕ ಇಡ್ಕಬ್ಯಾಡ. ಮಗೀನ ಕೊಡು.”

ಮೊದಲ ಸಾಲುಗಳಿಗೆ ಮಾತ್ರ ಕೇಳಿಸಿತು. ಸ್ವಾಮಿದಾಸ್ ಮೈಕನ್ನು ಆಚೆ ತಿರುಗಿಸಿ, ಅಜ್ಜಿಗೆ ಆನಂದ ತಡೆಯಲಾಗುತ್ತಿಲ್ಲ ಎಂದರು. ಜನ ಹಲ್ಲೆಲೂಯ ಎಂದರು. ಅತ್ತೆ ಮತ್ತೆ ಬಾಯಿ ತೆರೆದರು, ಹಾಡು ಶುರುವಾಯಿತು. ಅಷ್ಟು ಜನರ ಎದುರು ನಿಜ ಹೇಳಿದ ಒಬ್ಬಳೇ ಹೆಂಗಸಿಗೆ ಅವರು ತಾಳ ಹಾಕುತ್ತಿದ್ದರು.

ಅತ್ತೆ ಮಗುವನ್ನು ಕಿತ್ತುಕೊಂಡರು. ಬಗ್ಗಿ ಬೂಟನ್ನು ಹುಡುಕಿ ಎತ್ತಿಕೊಂಡರು. ಶಾಮಿಯಾನದಿಂದ ನೇರ ಸ್ಟೇಷನ್ನಿಗೆ ನಡೆದೆವು. ಪ್ಲಾಟ್‌ಫಾರಂ ಕೊಳಾಯಿಯ ಕೆಳಗೆ ಮಗುವಿನ ಕಾಲು ಹಿಡಿದು, ಎಣ್ಣೆ ಹೋಗುವವರೆಗೂ ತೊಳೆದರು. ಸೆರಗಿನಿಂದ ಬೆರಳ ಸಂದುಗಳನ್ನೂ ಒರೆಸಿದರು. ಆಮೇಲೆ ಬೂಟು ತೊಡಿಸಿ ಅವನನ್ನು ಕೆಳಗೆ ನಿಲ್ಲಿಸಿ, ಎರಡೂ ಕೈ ಹಿಡಿದುಕೊಂಡರು. ಅವನು ಒದ್ದೆ ಸಿಮೆಂಟಿನ ಮೇಲೆ ಎಡಗಾಲನ್ನು ಊರಿ ನಿಂತ. ಅತ್ತೆ ಬಾಗಿ ಹಿಮ್ಮಡಿ ನೆಲಕ್ಕೆ ಪೂರ್ತಿ ತಾಗಿದೆಯೇ ಎಂದು ಬೆರಳು ಹಾಕಿ ನೋಡಿದರು. ತಾಗಿತ್ತು. ನಾನೂ ಬೆರಳು ಹಾಕಿ ನೋಡಿದೆ.